ಸೌದೆ ಸ್ಟೌವ್‌ನ ಕ್ಯಾಟಲಿಟಿಕ್ ಕಂಬಸ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಚಳಿ ಊರುಗಳಲ್ಲಿ ಹಳೇ ಮನೆ ಕೊಂಡವರಿಗೆ ಮನೆಯ ಜೊತೆ ಸೌದೆ ಉರಿಸಿ ಮನೆ ಬೆಚ್ಚಗಿಡುವ ಒಂದು ಕಬ್ಬಿಣದ ಸ್ಟೌವ್ ಕೂಡ ಸಿಗುವುದುಂಟು. ನಮ್ಮವರಲ್ಲಿ ಎಷ್ಟೋ ಮಂದಿ ಅದರ ಮೇಲೊಂದು ಮನಿ ಪ್ಲಾಂಟ್ ಇಟ್ಟು ಸುಮ್ಮನಾಗುತ್ತಾರೆ. ಆಮೇಲೊಂದು ಚಳಿಗಾಲ ಕರೆಂಟ್ ಕೈಕೊಡುತ್ತದೆ. 2024ರ ನವೆಂಬರ್‌ನಲ್ಲಿ ಸಿಯಾಟಲ್ ಕಡೆ ಬಿರುಗಾಳಿಗೆ ಮರಗಳು ಉರುಳಿ ಬೆಲ್‌ವ್ಯೂ, ಇಸಾಕ್ವಾ, ಸಮಾಮಿಶ್ ಸುತ್ತಮುತ್ತ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಸ್ಟೌವ್ ನೆನಪಾಗುವುದು ಅಂಥ ಹೊತ್ತಿನಲ್ಲೇ.

ಊರಿನಲ್ಲಿ ಬಚ್ಚಲ ಒಲೆಗೆ ಸೌದೆ ತುರುಕಿ ಬೆಳೆದವರಿಗೆ ಬೆಂಕಿ ಹೊತ್ತಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ಸ್ಟೌವ್‌ಗಳಲ್ಲಿ ಹಲವಕ್ಕೆ ಒಳಗೆ ಕ್ಯಾಟಲಿಟಿಕ್ ಕಂಬಸ್ಟರ್ ಅಂತ ಒಂದು ಭಾಗ ಇರುತ್ತದೆ. ಬಚ್ಚಲ ಒಲೆಯ ಅಭ್ಯಾಸ ಅದಕ್ಕೆ ಒಗ್ಗುವುದಿಲ್ಲ. ಕೇಳುವವರೆಲ್ಲ ಸುತ್ತಿಬಳಸಿ ಅದನ್ನೇ ಕೇಳುತ್ತಾರೆ, ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ನಿಮ್ಮ ಸ್ಟೌವ್‌ನ ಮ್ಯಾನ್ಯುಯಲ್ ಬೇರೆ ಹೇಳಿದರೆ ಮ್ಯಾನ್ಯುಯಲ್ ಮಾತೇ ಕೊನೆ.

ಕಂಬಸ್ಟರ್ ಅಂದರೆ ಏನು? ಏನು ಮಾಡುತ್ತದೆ?

ಜೇನುಹಟ್ಟಿನ ಹಾಗೆ ಉದ್ದಕ್ಕೂ ತೂತುಗಳಿರುವ ಒಂದು ಬಿಲ್ಲೆ ಅಥವಾ ಇಟ್ಟಿಗೆ ಅಂದುಕೊಳ್ಳಿ. ಸೆರಾಮಿಕ್‌ನದ್ದೋ ತೆಳು ಸ್ಟೀಲ್ ಹಾಳೆಯದ್ದೋ ಆಗಿರುತ್ತದೆ. ಅದರ ಮೈಗೆ ಪಲ್ಲೇಡಿಯಂ, ಪ್ಲಾಟಿನಂನಂಥ ಲೋಹದ ತೆಳು ಲೇಪ. ಬೆಂಕಿಯ ಜಾಗದ ಮೇಲೆ, ಹೊಗೆ ಚಿಮಣಿಗೆ ಹೋಗುವ ದಾರಿಯಲ್ಲಿ ಇದನ್ನು ಕೂರಿಸಿರುತ್ತಾರೆ.

ಸೌದೆಯ ಹೊಗೆ ಅಂದರೆ ಉರಿಯದೇ ಉಳಿದ ಇಂಧನ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಟಾರ್ ಇದೆ, ಇನ್ನೂ ಏನೇನೋ ಇದೆ. ಈ ಹೊಗೆ ತಾನಾಗಿ ಹೊತ್ತಿಕೊಳ್ಳಬೇಕಾದರೆ ಸುಮಾರು 1,000 ಡಿಗ್ರಿ ಫ್ಯಾರನ್‌ಹೀಟ್ ಮೇಲೆ ಶಾಖ ಬೇಕು. ಲೇಪದ ಮೈ ತಗುಲಿದರೆ ಸುಮಾರು 500 ಡಿಗ್ರಿಗೇ ಉರಿಯುತ್ತದೆ, ಅಂದರೆ 260 ಸೆಲ್ಸಿಯಸ್. ಒಮ್ಮೆ ಶುರುವಾದರೆ ಹೊಗೆ ಉರಿದ ಶಾಖದಿಂದಲೇ ಕಂಬಸ್ಟರ್ ಬಿಸಿಯಾಗಿರುತ್ತದೆ. ಹಾಗಾಗಿ ಗಾಳಿ ಕಡಿಮೆ ಮಾಡಿ ರಾತ್ರಿಯಿಡೀ ನಿಧಾನಕ್ಕೆ ಉರಿಸಿದರೂ ಹೊಗೆ ಅಷ್ಟಾಗಿ ಬರುವುದಿಲ್ಲ, ಸೌದೆಯೂ ಉಳಿಯುತ್ತದೆ.

ಕಾರಿನ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಇದರ ದಾಯಾದಿ. 1970ರ ದಶಕದಲ್ಲಿ ಕಾರಿಗೆ ಅಂತ ಕಾರ್ನಿಂಗ್ ಕಂಪನಿ ಮಾಡಿದ ಸೆರಾಮಿಕ್ ಮುಂದೆ ಸ್ಟೌವ್‌ಗೂ ಬಂತು. ಸ್ಟೌವ್‌ನದ್ದರಲ್ಲಿ ತೂತುಗಳು ದೊಡ್ಡವು, ಒಂದು ಚದರ ಇಂಚಿಗೆ ಸಾಮಾನ್ಯವಾಗಿ 16 ಅಥವಾ 25. ಸೌದೆಯ ಬೂದಿ ಹಾದುಹೋಗಬೇಕಲ್ಲ.

ನನ್ನ ಸ್ಟೌವ್‌ನಲ್ಲಿ ಇದು ಇದೆಯೋ ಇಲ್ಲವೋ ಹೇಗೆ ತಿಳಿಯುವುದು?

ಪಕ್ಕದಲ್ಲೋ ಮೇಲೋ ಹೊಗೆಯ ದಾರಿ ಬದಲಿಸುವ ಬೈಪಾಸ್ ಹಿಡಿ ಇದ್ದು, ಮೇಲೆ ಸಣ್ಣ ಮುಳ್ಳಿನ ಥರ್ಮಾಮೀಟರ್ ಚುಚ್ಚಿದ್ದರೆ ಬಹುಶಃ ಇದೆ. ಹಿಂಬದಿಯ ಲೋಹದ ಪಟ್ಟಿ ಓದಿ, ಅಲ್ಲಿ ಕ್ಯಾಟಲಿಟಿಕ್ ಅಂತ ಬರೆದಿರುತ್ತದೆ. ಬೆಂಕಿ ಜಾಗದ ಮೇಲ್ಭಾಗದಲ್ಲಿ ತೂತಿರುವ ಅಡ್ಡ ಪೈಪುಗಳು ಮಾತ್ರ ಕಂಡರೆ ಅದು ಬೇರೆ ಜಾತಿ, ಅದಕ್ಕೆ ಕಂಬಸ್ಟರ್ ಇಲ್ಲ. ಎರಡೂ ಇರುವ ಹೈಬ್ರಿಡ್ ಸ್ಟೌವ್‌ಗಳೂ ಈಗ ಬಂದಿವೆ.

ಬೈಪಾಸ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು?

ಕಂಬಸ್ಟರ್ ಬಾಳುವುದು ಬಾಳದಿರುವುದು ಮುಕ್ಕಾಲು ಪಾಲು ಈ ಹಿಡಿಯ ಮೇಲೆ ನಿಂತಿದೆ. ಬೈಪಾಸ್ ತೆರೆದಿದ್ದರೆ ಹೊಗೆ ನೇರ ಚಿಮಣಿಗೆ ಹೋಗುತ್ತದೆ. ಮುಚ್ಚಿದ್ದರೆ ಕಂಬಸ್ಟರ್ ಮೂಲಕ ಹಾದುಹೋಗುತ್ತದೆ.

ಬೆಂಕಿ ಹೊತ್ತಿಸುವಾಗ ತೆರೆದಿರಲಿ. ಗಾಳಿಯನ್ನೂ ಪೂರ್ತಿ ಬಿಡಿ. ಸಣ್ಣ ಸೀಳು, ಆಮೇಲೆ ದಪ್ಪ ಸೀಳು ಹಾಕಿ ಚೆನ್ನಾಗಿ ಕೆಂಡ ಆಗುವ ತನಕ ಉರಿಯಲಿ. ಕಂಬಸ್ಟರ್ ಥರ್ಮಾಮೀಟರ್ 500 ದಾಟಿದ ಮೇಲೆ ಮುಚ್ಚಿ. ಮುಚ್ಚಿದ ತಕ್ಷಣ ಗಾಳಿ ಕಡಿಮೆ ಮಾಡಲು ಹೋಗಬೇಡಿ. ಹದವಾದ ಜೋರು ಉರಿಯಲ್ಲಿ ಇನ್ನೊಂದು 20 ನಿಮಿಷ ಬಿಡಿ. ಮುಳ್ಳು ನಿಲ್ಲದೆ ಮೇಲೇರುತ್ತಿದ್ದರೆ ಕಂಬಸ್ಟರ್ ಹೊತ್ತಿಕೊಂಡಿದೆ ಅಂತ ಅರ್ಥ. ಆಮೇಲೆ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ.

ನಡುವೆ ಸೌದೆ ಹಾಕಬೇಕಾದರೆ ಮೊದಲು ಗಾಳಿ ಹೆಚ್ಚಿಸಿ, ಬೈಪಾಸ್ ತೆರೆಯಿರಿ, ಒಂದು ನಿಮಿಷ ಕಾಯಿರಿ. ಬಾಗಿಲನ್ನು ಒಂದು ಬೆರಳಷ್ಟು ಬಿಚ್ಚಿ ನಿಲ್ಲಿಸಿ, ಹೊಗೆ ಮೇಲೆ ಎಳೆದುಕೊಂಡಿದ್ದು ಕಂಡ ಮೇಲೆ ಪೂರ್ತಿ ತೆರೆಯಿರಿ. ಬೈಪಾಸ್ ಮುಚ್ಚಿಟ್ಟುಕೊಂಡೇ ಬಾಗಿಲು ಎಳೆದರೆ ಹೊಗೆಯೆಲ್ಲ ಮುಖಕ್ಕೆ ಬರುತ್ತದೆ. ಜೊತೆಗೆ ಕೋಣೆಯ ತಣ್ಣನೆ ಗಾಳಿ ಕಾದ ಸೆರಾಮಿಕ್‌ಗೆ ಬಡಿಯುತ್ತದೆ. ಹೊಗೆ ಅಲಾರಂ ಕೂಗಿ ಮಕ್ಕಳು ಎದ್ದು ಕೂತ ಮನೆಗಳಲ್ಲಿ ಬಹಳಷ್ಟು ಸಲ ಆಗಿರುವುದು ಇದೇ.

ಬೈಪಾಸ್ ಮರೆತು ತೆರೆದೇ ಬಿಟ್ಟು ಮಲಗಿದರೂ ಕಷ್ಟ. ಶಾಖವೆಲ್ಲ ನೇರ ಚಿಮಣಿಗೆ ಹೋಗಿ ಪೈಪು ವಿಪರೀತ ಕಾಯುತ್ತದೆ. ಸ್ಟೌವ್ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ. ಮನೆಯಲ್ಲಿ ಯಾರು ಬೇಕಾದರೂ ಸೌದೆ ಹಾಕುವಂತಿದ್ದರೆ ಅದು ಬೇಕೇ ಬೇಕು.

500 ಆದಾಗಲೇ ಮುಚ್ಚಿದೆ. ಹತ್ತು ನಿಮಿಷಕ್ಕೆ ಮುಳ್ಳು ಕೆಳಗಿಳಿಯಿತು. ಯಾಕೆ?

ಬೆಂಕಿ ಇನ್ನೂ ಗಟ್ಟಿಯಾಗಿರಲಿಲ್ಲ, ಅಥವಾ ಸೌದೆ ಹಸಿ. ಹೊಸ ಸೌದೆ ಹಾಕಿದ ಕೂಡಲೇ ಮುಚ್ಚಿದರೂ ಹೀಗಾಗುತ್ತದೆ, ಅದರ ನೀರು ಆವಿಯಾಗಲು ಶಾಖವನ್ನೆಲ್ಲ ತಿನ್ನುತ್ತದೆ. ಬೈಪಾಸ್ ಮತ್ತೆ ತೆರೆದು, ಗಾಳಿ ಬಿಟ್ಟು, ಇನ್ನಷ್ಟು ಹೊತ್ತು ಉರಿಸಿ. ತಣ್ಣಗಿರುವ ಕಂಬಸ್ಟರ್ ಮೂಲಕ ಹೊಗೆ ತಳ್ಳುತ್ತಾ ಕೂತರೆ ತೂತುಗಳಿಗೆ ಮಸಿ, ಜಿಡ್ಡು ಕಟ್ಟುತ್ತದೆ, ಅಷ್ಟೇ.

“ಒಣ ಸೌದೆ” ಅಂತ ಮಾರುವವನೇ ಹೇಳಿದ. ಅಷ್ಟು ಸಾಲದಾ?

ಸಾಲದು. ಮಾರುವವನ ಲೆಕ್ಕದಲ್ಲಿ ಹೋದ ಬೇಸಿಗೆಯಲ್ಲಿ ಕಡಿದದ್ದೆಲ್ಲ ಒಣ ಸೌದೆ. ನಿಮ್ಮ ಕಂಬಸ್ಟರ್ ಲೆಕ್ಕದಲ್ಲಿ ತೇವ ನೂರಕ್ಕೆ 20ರ ಒಳಗಿರಬೇಕು.

ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರಬಹುದು. ಅದನ್ನು ಸ್ಟೌವ್‌ಗೆ ಹಾಕಿದರೆ ಮೊದಲು ನೀರು ಕುದಿಯಬೇಕು. ಬೆಂಕಿ ಸೊರಗುತ್ತದೆ, ಹೊಗೆ ಜಾಸ್ತಿಯಾಗುತ್ತದೆ, ಕಂಬಸ್ಟರ್ 500 ಮುಟ್ಟುವುದೇ ಇಲ್ಲ. ಇನ್ನೊಂದು ಅಪಾಯವೂ ಇದೆ. ಕಂಬಸ್ಟರ್ ಕಾದು ನಿಂತಿರುವಾಗ ಹಸಿ ಸೌದೆಯೋ ಹಿಮ ಮೆತ್ತಿಕೊಂಡ ಸೌದೆಯೋ ಒಳಗೆ ಬಿದ್ದರೆ ಥಟ್ಟನೆ ಶಾಖ ಇಳಿದು ಸೆರಾಮಿಕ್ ಬಿರುಕು ಬಿಡುತ್ತದೆ.

ನಲವತ್ತು ಡಾಲರ್ ಒಳಗೆ ತೇವ ಅಳೆಯುವ ಮೀಟರ್ ಸಿಗುತ್ತದೆ. ಆದರೆ ಚುಚ್ಚುವ ಜಾಗ ಮುಖ್ಯ. ಸೌದೆಯ ಹೊರಮೈಗೆ ಚುಚ್ಚಿದರೆ 14 ತೋರಿಸಿ ಖುಷಿಪಡಿಸುತ್ತದೆ. ಅದೇ ತುಂಡನ್ನು ಕೊಡಲಿಯಿಂದ ಸೀಳಿ ಒಳಮೈಯ ನಡುಭಾಗಕ್ಕೆ, ನಾರಿನ ಉದ್ದಕ್ಕೆ ಚುಚ್ಚಿದರೆ 28 ಬಂದರೂ ಆಶ್ಚರ್ಯ ಇಲ್ಲ. ಲೆಕ್ಕಕ್ಕೆ ಬರುವುದು ಎರಡನೆಯದು. ಮೀಟರ್ ಇಲ್ಲದಿದ್ದರೆ ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದ್ದು ದಪ್ ಅನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಕೈಯಲ್ಲೇ ಏಳಬೇಕು.

ನ್ಯೂ ಇಂಗ್ಲೆಂಡ್ ಕಡೆಯ ಓಕ್ ಸೀಳಿ ಇಟ್ಟ ಮೇಲೂ ಎರಡು ವರ್ಷ ಬೇಡುತ್ತದೆ. ಬರ್ಚ್, ಮೇಪಲ್‌ಗೆ ಒಂದು ವರ್ಷ ಸಾಕು. ವಾಷಿಂಗ್ಟನ್, ಆರೆಗಾನ್ ಕಡೆಯ ಡಗ್ಲಸ್ ಫರ್, ಆಲ್ಡರ್ ಒಂದು ಒಳ್ಳೇ ಬೇಸಿಗೆಯಲ್ಲಿ ಒಣಗುತ್ತವೆ. ಆದರೆ ಮೇಲೆ ಮಾತ್ರ ತಗಡು ಮುಚ್ಚಿ, ಪಕ್ಕ ತೆರೆದಿರಬೇಕು. ನೀಲಿ ಟಾರ್ಪಾಲಿನ್‌ನಲ್ಲಿ ಪೂರ್ತಿ ಸುತ್ತಿಟ್ಟರೆ ಬೂಸಲು ಬರುತ್ತದೆ ಹೊರತು ಒಣಗುವುದಿಲ್ಲ. ಪೈನ್ ಸುಟ್ಟರೆ ಚಿಮಣಿ ಹಾಳು ಅನ್ನುವ ಮಾತೊಂದಿದೆ. ಒಣಗಿದ ಪೈನ್‌ನಿಂದ ಏನೂ ಆಗುವುದಿಲ್ಲ. ಹಾಳು ಮಾಡುವುದು ತೇವ, ಅದು ಯಾವ ಮರದ್ದಾದರೂ ಸರಿ.

ನನ್ನನ್ನು ಕೇಳಿದರೆ ಮೊದಲ ವರ್ಷ ಕಂಬಸ್ಟರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಸೌದೆ ಬಗ್ಗೆ ಕೆಡಿಸಿಕೊಳ್ಳಿ. ಮುಂದಿನ ಚಳಿಗಾಲದ ಸೌದೆ ಈ ಏಪ್ರಿಲ್‌ನಲ್ಲೇ ಅಂಗಳಕ್ಕೆ ಬಂದಿರಬೇಕು.

ಕಂಬಸ್ಟರ್ ಕೆಂಪಗೆ ಹೊಳೆಯುತ್ತಿಲ್ಲ. ಸತ್ತುಹೋಗಿದೆಯಾ?

ಇಲ್ಲ. ಸುಮಾರು 1,000 ಡಿಗ್ರಿ ಆದ ಮೇಲಷ್ಟೇ ಕಣ್ಣಿಗೆ ಕಾಣುವ ಹಾಗೆ ಕೆಂಪಾಗುತ್ತದೆ. 700ರಲ್ಲಿ ಕಪ್ಪಾಗಿದ್ದುಕೊಂಡೇ ಕೆಲಸ ಮಾಡುತ್ತಿರುತ್ತದೆ. ಸೌದೆ ಹಾಕಿದ ಹೊಸತರಲ್ಲಿ ಹೊಗೆ ಜಾಸ್ತಿ ಇರುವಾಗ ಹೊಳೆದು, ಬರೀ ಕೆಂಡ ಉಳಿದಾಗ ಮಂಕಾಗುವುದು ಸಹಜ. ಕೆಂಡದಲ್ಲಿ ಹೊಗೆಯೇ ಇಲ್ಲವಲ್ಲ, ಅದು ಸುಡುವುದಾದರೂ ಏನನ್ನು?

ಯೋಚಿಸಬೇಕಾದ್ದು ಇನ್ನೊಂದು ತುದಿಯಲ್ಲಿ. ಮುಳ್ಳು 1,800ರ ಹತ್ತಿರ ಹೋಗುತ್ತಿದ್ದರೆ ಲೇಪ ಕೆಡುತ್ತದೆ. ಗಾಳಿ ಇಳಿಸಿ, ಬಾಗಿಲ ಅಂಚಿನ ಸಂದು ಮುಚ್ಚುವ ಹಗ್ಗ ಸಡಿಲ ಆಗಿದೆಯಾ ಅಂತ ಮರುದಿನ ನೋಡಿ.

ಏನೇನು ಸುಡಬಾರದು?

ಒಣ ಸೌದೆ ಬಿಟ್ಟು ಏನನ್ನೂ ಸುಡಬೇಡಿ. ಇಷ್ಟು ಹೇಳಿದರೆ ಸಾಕಾಗಬೇಕು, ಆದರೆ “ಇದೊಂದು ಹಾಕಬಹುದಾ” ಅನ್ನುವ ಪ್ರಶ್ನೆ ನಿಲ್ಲುವುದಿಲ್ಲ.

ಸೀಸ, ಸತು, ಗಂಧಕ, ರಂಜಕ, ಆರ್ಸೆನಿಕ್ ಇವು ಲೇಪಕ್ಕೆ ವಿಷ. ಲೋಹದ ಮೈಗೆ ಅಂಟಿಕೊಂಡು ಅದನ್ನು ಮಂಕು ಮಾಡುತ್ತವೆ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಹಳೇ ಡೆಕ್‌ನ (ಮನೆಗೆ ಅಂಟಿದ ಮರದ ಕಟ್ಟೆ) ಹಸಿರು ಛಾಯೆಯ ಮರ, ಕಲ್ಲಿದ್ದಲು, ಪ್ಲಾಸ್ಟಿಕ್, ಬಣ್ಣದ ಹೊಳಪು ಕಾಗದ ಎಲ್ಲ ಈ ಪಟ್ಟಿಗೆ ಸೇರುತ್ತವೆ. 2003ರ ಕೊನೆಯ ತನಕ ಅಮೆರಿಕದ ಮನೆಗಳ ಡೆಕ್ಕಿಗೆ ಆರ್ಸೆನಿಕ್ ಹಾಕಿದ ಮರ ಬಳಸುತ್ತಿದ್ದರು. ಅದನ್ನು ಸುಟ್ಟರೆ ಕಂಬಸ್ಟರ್ ಹೋಗುವುದು ಆಮೇಲಿನ ಮಾತು, ಹೊಗೆ ಮತ್ತು ಬೂದಿ ನಿಮಗೇ ವಿಷ. ಸಮುದ್ರದ ದಡದಲ್ಲಿ ಆಯ್ದ ಮರದಲ್ಲಿ ಉಪ್ಪಿರುತ್ತದೆ, ಅದೂ ಬೇಡ. ಮೇಣ ಬೆರೆಸಿದ ಅಂಗಡಿಯ ಕೃತಕ ಸೌದೆಯೂ ಬೇಡ. ಚಿಮಣಿ ಶುಚಿ ಮಾಡುತ್ತದೆ ಅಂತ ಮಾರುವ ಪುಡಿಗಳನ್ನು ನಿಮ್ಮ ಕಂಬಸ್ಟರ್ ತಯಾರಕರು ಒಪ್ಪಿದ್ದರೆ ಮಾತ್ರ ಹಾಕಿ.

ಇನ್ನು ನಮ್ಮ ಮನೆಗಳ ವಿಚಾರ. ಹಳೇ ಕ್ಯಾಲೆಂಡರ್, ಮದುವೆ ಕರೆಯೋಲೆ, ಸಿಹಿ ಡಬ್ಬದ ಚಿನ್ನದ ಬಣ್ಣದ ಕಾಗದ ಸುಡಬೇಡಿ. ದೇವರ ಪಟದ ಕಾಗದವನ್ನು ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ ಅಂತ ಸ್ಟೌವ್‌ಗೆ ಹಾಕುವವರಿದ್ದಾರೆ. ಭಕ್ತಿ ಸರಿ, ಶಾಯಿ ಸರಿಯಿಲ್ಲ. ತೆಂಗಿನ ಚಿಪ್ಪು ಕೇಳುತ್ತಾರೆ. ಚಿಪ್ಪು ಭರ್ರನೆ ಉರಿದು ಶಾಖ ಕೈಮೀರುತ್ತದೆ, ಮ್ಯಾನ್ಯುಯಲ್‌ನಲ್ಲೂ ಸೌದೆ ಅಂತಷ್ಟೇ ಇರುತ್ತದೆ. ಹಾಕಬೇಡಿ. ಎಣ್ಣೆ ಒರೆಸಿದ ಬಟ್ಟೆ, ಉಳಿದ ತುಪ್ಪ ಇವೂ ಬೇಡ. ಬೆಂಕಿ ಹೊತ್ತಿಸಲು ಶಾಯಿ ಕಡಿಮೆ ಇರುವ ಕಪ್ಪು-ಬಿಳುಪು ದಿನಪತ್ರಿಕೆಯ ಎರಡು ಹಾಳೆ ಸಾಕು.

ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಒಂದು ಚಳಿಗಾಲಕ್ಕೆ ಕನಿಷ್ಠ ಮೂರು ಸಲ. ಶುರುವಿನಲ್ಲಿ ಒಂದು, ನಡುವೆ ಒಂದು, ಮುಗಿದ ಮೇಲೆ ಒಂದು. ದಿನವೂ ಉರಿಸುವವರು ತಿಂಗಳಿಗೊಮ್ಮೆ ನೋಡಿದರೆ ಒಳ್ಳೆಯದು. ನೋಡುವುದು ಅಂದರೆ ಟಾರ್ಚ್ ಹಿಡಿದು ನೋಡುವುದು ಅಷ್ಟೇ. ಪ್ರತಿ ಸಲ ಹೊರಗೆ ತೆಗೆಯಬೇಕಿಲ್ಲ. ಜಾಸ್ತಿ ಮುಟ್ಟಿದಷ್ಟೂ ಜಾಸ್ತಿ ಒಡೆಯುತ್ತದೆ.

ಶುಚಿ ಮಾಡುವುದು ಹೇಗೆ?

ಮೊದಲು ಸ್ಟೌವ್ ಪೂರ್ತಿ ತಣ್ಣಗಾಗಲಿ. ಒಂದು ದಿನ ಕಳೆದಿದೆ ಅಂದರೆ ಸಾಕಾಗಲಿಕ್ಕಿಲ್ಲ. ಬೂದಿ ಮುಚ್ಚಿದ ಕೆಂಡ ಅನ್ನುವುದು ಗಾದೆಯಲ್ಲಷ್ಟೇ ಇಲ್ಲ, ಎರಡು ಮೂರು ದಿನವೂ ಒಳಗೊಳಗೇ ಜೀವ ಹಿಡಿದಿರುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಅಂಥ ಬೂದಿ ಎಳೆದರೆ ಅದರ ಚೀಲಕ್ಕೇ ಬೆಂಕಿ ಹತ್ತುತ್ತದೆ. ಬೂದಿಗೆ ಅಂತಲೇ ಬರುವ ವ್ಯಾಕ್ಯೂಮ್ ಇಟ್ಟುಕೊಳ್ಳಿ. ಅದರಿಂದಲೂ ತಣ್ಣನೆಯ ಬೂದಿಯನ್ನೇ ಎಳೆಯಿರಿ.

ಕೆಳಗೊಂದು ಹಳೇ ಬೆಡ್‌ಶೀಟ್ ಹಾಸಿ. ಕಂಬಸ್ಟರ್ ಮುಂದೆ ಜ್ವಾಲೆ ತಡೆಯುವ ತಗಡೋ ಜಾಲರಿಯೋ ಇದ್ದರೆ ತೆಗೆಯಿರಿ. ಈಗ ಟಾರ್ಚ್ ಬಿಡಿ. ಸಾಮಾನ್ಯವಾಗಿ ಕಾಣುವುದು ಮೈದಾ ಹಿಟ್ಟಿನಷ್ಟು ನಯವಾದ ಬೂದು ಬಣ್ಣದ ಪುಡಿ, ತೂತುಗಳ ಬಾಯಲ್ಲಿ ಕೂತಿರುತ್ತದೆ. ಮೆತ್ತನೆಯ ಪೇಂಟ್ ಬ್ರಷ್ ತಗೊಂಡು ಮೇಲ್ಮೈ ಮೇಲೆ ಆಡಿಸಿ. ಒತ್ತಬೇಡಿ. ಉದುರಿದ್ದನ್ನು ವ್ಯಾಕ್ಯೂಮ್‌ನ ಬ್ರಷ್ ತುದಿಯಿಂದ, ಮೈಗೆ ತಾಗದಂತೆ ಎಳೆದುಕೊಳ್ಳಿ. ಹೆಚ್ಚಿನ ಸಲ ಕೆಲಸ ಇಲ್ಲಿಗೆ ಮುಗಿಯಿತು. ಹತ್ತು ನಿಮಿಷ.

ಬೂದಿಯ ಬದಲು ಕಪ್ಪು ಮಸಿ ಕಟ್ಟಿದ್ದರೆ ಕೆರೆಯಬೇಡಿ. ಒಣ ಸೌದೆ ಹಾಕಿ, ಬೈಪಾಸ್ ತೆರೆದು ಚೆನ್ನಾಗಿ ಕಾಯಿಸಿ, ಆಮೇಲೆ ಮುಚ್ಚಿ ಒಂದು ಗಂಟೆ ಹದವಾಗಿ ಉರಿಸಿ. ಮಸಿ ತಾನಾಗಿ ಸುಟ್ಟುಹೋಗುತ್ತದೆ. ಸುಡುವ ವಸ್ತುವನ್ನು ಬೆಂಕಿ ತೆಗೆಯುತ್ತದೆ, ಸುಡದ ಬೂದಿಯನ್ನು ಬ್ರಷ್ ತೆಗೆಯಬೇಕು.

ಕಡ್ಡಿ, ತಂತಿ, ತಂತಿ ಬ್ರಷ್, ಜೋರು ಗಾಳಿ ಬಿಡುವ ಕಂಪ್ರೆಸರ್ ಇವನ್ನೆಲ್ಲ ಹತ್ತಿರ ತರಬೇಡಿ. ಲೇಪ ಎಷ್ಟು ತೆಳು ಅಂದರೆ ಕೆರೆದರೆ ಉದುರುವುದು ಅದೇ. ದುಡ್ಡು ಕೊಟ್ಟಿರುವುದೂ ಅದಕ್ಕೇ. ಸೋಪಿನ ನೀರು, ಅಡುಗೆಮನೆ ಸ್ಪ್ರೇ ಕೂಡ ಬೇಡ.

ವಿನೆಗರ್‌ನಲ್ಲಿ ಕುದಿಸಿದರೆ ಹೊಸದರಂತೆ ಆಗುತ್ತದಂತೆ, ನಿಜವಾ?

ಅರ್ಧ ನಿಜ. ಕೆಲವು ತಯಾರಕರು ಈ ಉಪಾಯವನ್ನು ತಾವೇ ಹೇಳುತ್ತಾರೆ, ಕೆಲವರು ಒಪ್ಪುವುದಿಲ್ಲ. ನಿಮ್ಮವರನ್ನು ಕೇಳಿ ಮುಂದುವರಿಯಿರಿ.

ಬೂದಿಯ ಕ್ಷಾರ ಲೇಪದ ಮೇಲೆ ಸಣ್ಣ ಪರದೆಯಂತೆ ಕೂತಿದ್ದರೆ ಹುಳಿ ಅದನ್ನು ಕರಗಿಸುತ್ತದೆ. ಬಿಳಿ ವಿನೆಗರ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ ಬೆರೆಸಿ, ಕಂಬಸ್ಟರ್ ಮುಳುಗುವಷ್ಟು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸುತ್ತಾರೆ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಕಾಲು ಗಂಟೆಯಂತೆ ಎರಡು ಸಲ. ನಲ್ಲಿ ನೀರು ಬೇಡ, ಅದರ ಸುಣ್ಣ ಮತ್ತೆ ಕೂರುತ್ತದೆ. ಪೂರ್ತಿ ಒಣಗದೆ ಸ್ಟೌವ್‌ಗೆ ಹಾಕಬಾರದು. ಒಳಗೆ ತೇವ ಉಳಿದಿದ್ದರೆ ಬೆಂಕಿಯ ಶಾಖಕ್ಕೆ ಸೆರಾಮಿಕ್ ಒಡೆಯುತ್ತದೆ. ಓವನ್‌ನಲ್ಲಿ ಸಣ್ಣ ಶಾಖಕ್ಕೆ ಒಂದು ಗಂಟೆ ಇಟ್ಟರೆ ಧೈರ್ಯ. ಇದಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ. ಮನೆಯ ಪ್ರೆಶರ್ ಕುಕ್ಕರ್‌ನಲ್ಲಿ ಕುದಿಸಬಹುದಾ ಅಂತ ಕೇಳಿದವರಿದ್ದಾರೆ. ಬೇಡ ಮಾರಾಯರೆ.

ವಯಸ್ಸಾಗಿ ಲೇಪವೇ ಹೋಗಿದ್ದರೆ, ಅಥವಾ ಅತಿಯಾಗಿ ಕಾದು ಕೆಟ್ಟಿದ್ದರೆ ವಿನೆಗರ್‌ನಿಂದ ಏನೂ ಆಗುವುದಿಲ್ಲ.

ಬಿರುಕು ಬಿಟ್ಟಿದೆ. ಎಸೆಯಬೇಕಾ?

ಕೂದಲೆಳೆಯಂಥ ಬಿರುಕಿಗೆ ಹೆದರಬೇಡಿ. ತುಂಡುಗಳು ಜಾಗ ಬಿಟ್ಟು ಕದಲದೆ ಗಟ್ಟಿಯಾಗಿ ಕೂತಿದ್ದರೆ ಕೆಲಸ ನಡೆಯುತ್ತದೆ. ಬಹಳಷ್ಟು ಸೆರಾಮಿಕ್ ಕಂಬಸ್ಟರ್‌ಗಳಿಗೆ ಸುತ್ತ ಸ್ಟೀಲ್ ಪಟ್ಟಿ ಇರುವುದು ಅದಕ್ಕೇ. ತುಂಡು ಉದುರಿ ತೂತು ಬಿದ್ದಿದ್ದರೆ, ಮೈ ಪುಡಿಪುಡಿ ಆಗುತ್ತಿದ್ದರೆ, ನಡುವೆ ಜೋತುಬಿದ್ದಿದ್ದರೆ ಬದಲಾಯಿಸಿ. ಹೊಗೆ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ, ದೊಡ್ಡ ತೂತೊಂದಿದ್ದರೆ ಸಣ್ಣ ತೂತುಗಳ ಕಡೆ ತಿರುಗಿಯೂ ನೋಡುವುದಿಲ್ಲ.

ಸೆರಾಮಿಕ್ ಒಳ್ಳೆಯದಾ, ಸ್ಟೀಲ್ ಒಳ್ಳೆಯದಾ?

ಸ್ಟೀಲ್ ಬೇಗ ಕಾಯುತ್ತದೆ, ಥಟ್ಟನೆ ತಣ್ಣಗಾದರೂ ಒಡೆಯುವುದಿಲ್ಲ. ಸೆರಾಮಿಕ್ ನಿಧಾನ, ಆದರೆ ಹದವಾಗಿ ಬಳಸಿದರೆ ಚೆನ್ನಾಗಿ ಬಾಳುತ್ತದೆ. ಕೈ ಸ್ವಲ್ಪ ಒರಟು ಇರುವ ಮನೆಗೆ ಸ್ಟೀಲ್ ಸರಿ. ಆದರೆ ನಿಮ್ಮ ಮಾದರಿಗೆ ತಯಾರಕರು ಯಾವುದನ್ನು ಒಪ್ಪಿದ್ದಾರೋ ಅದನ್ನೇ ಹಾಕಬೇಕು.

ಕಂಬಸ್ಟರ್ ಕೆಟ್ಟಿದೆ ಅಂತ ಖಚಿತ ಆಗುವುದು ಹೇಗೆ?

ಹೊರಗೆ ಹೋಗಿ ಚಿಮಣಿ ನೋಡಿ. ಬೆಂಕಿ ಚೆನ್ನಾಗಿ ಕಾದ ಮೇಲೆ ಬೈಪಾಸ್ ತೆರೆದು ಒಂದು ಸಲ, ಮುಚ್ಚಿ ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ. ಎರಡನೇ ಸಲ ಹೊಗೆ ಕಣ್ಣಿಗೆ ಕಾಣುವಷ್ಟು ಕಡಿಮೆ ಆಗಿರಬೇಕು. ಚಳಿಯಲ್ಲಿ ಬಿಳಿ ಆವಿ ಕಂಡು ಹೊಗೆ ಅಂದುಕೊಳ್ಳಬೇಡಿ. ಆವಿ ಚಿಮಣಿಯಿಂದ ಸ್ವಲ್ಪ ದೂರಕ್ಕೇ ಕರಗಿಹೋಗುತ್ತದೆ. ಹೊಗೆ ಎಳೆ ಎಳೆಯಾಗಿ ಪಕ್ಕದ ಮನೆ ತನಕ ಹೋಗುತ್ತದೆ, ವಾಸನೆಯೂ ಬರುತ್ತದೆ.

ವ್ಯತ್ಯಾಸ ಕಾಣದಿದ್ದರೂ ತಕ್ಷಣ ಹೊಸದಕ್ಕೆ ಆರ್ಡರ್ ಹಾಕಬೇಡಿ. ಸೌದೆಯ ತೇವ ಅಳೆಯಿರಿ. ಥರ್ಮಾಮೀಟರ್ ಕಡ್ಡಿ ಎಳೆದು ಮಸಿ ಒರೆಸಿ, ತಣ್ಣಗಿರುವಾಗ ಮುಳ್ಳು ತಳಕ್ಕೆ ಬರುತ್ತದಾ ನೋಡಿ. ಅದೂ ಕೆಡುತ್ತದೆ, ಸುಳ್ಳು ಹೇಳುತ್ತದೆ. ಬೈಪಾಸ್ ತಗಡು ಸರಿಯಾಗಿ ಕೂರುತ್ತಿದೆಯಾ? ತಣ್ಣಗಿರುವ ಬಾಗಿಲಿಗೆ ಒಂದು ಡಾಲರ್ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಹಗ್ಗ ಸವೆದಿದೆ, ಬೇಡದ ಗಾಳಿ ನುಗ್ಗುತ್ತಿದೆ. ನಾಲ್ಕೂ ಕಡೆ ಎಳೆದು ನೋಡಿ. ಚಿಮಣಿ ತುದಿಯ ಜಾಲರಿ ಮಸಿ ಹಿಡಿದು ಮುಚ್ಚಿಹೋಗಿರುವುದೂ ಉಂಟು. ಇಷ್ಟೂ ಸರಿ ಇದ್ದ ಮೇಲೆ ಕಂಬಸ್ಟರ್ ಮೇಲೆ ಅನುಮಾನ ಪಡಿ.

ಎಷ್ಟು ಕಾಲ ಬಾಳುತ್ತದೆ? ಎಷ್ಟು ದುಡ್ಡು?

ತಯಾರಕರು ಸಾಮಾನ್ಯವಾಗಿ 10,000ದಿಂದ 14,000 ಗಂಟೆ ಅನ್ನುತ್ತಾರೆ. ದಿನವಿಡೀ ಸ್ಟೌವ್ ಉರಿಯುವ ಮನೆಯಲ್ಲಿ ಇದು ಮೂರ್ನಾಲ್ಕು ಚಳಿಗಾಲ. ಶನಿವಾರ ಭಾನುವಾರ ಮಾತ್ರ ಉರಿಸುವವರಿಗೆ ಹತ್ತು ವರ್ಷ ಬಂದರೂ ಬಂತು. ಬೆಲೆ ಮಾದರಿ ನೋಡಿಕೊಂಡು 150ರಿಂದ 400 ಡಾಲರ್ ಸುತ್ತಮುತ್ತ, ಕೆಲವು ಇನ್ನೂ ಜಾಸ್ತಿ. ವಾರಂಟಿ ಇರುತ್ತದೆ, ಬಿಲ್ ಎತ್ತಿಟ್ಟುಕೊಳ್ಳಿ. ಮನೆ ಕೊಳ್ಳುವಾಗ ಸ್ಟೌವ್ ಕಂಡರೆ ಕಂಬಸ್ಟರ್ ಯಾವ ವರ್ಷದ್ದು ಅಂತ ಮಾರುವವರನ್ನು ಕೇಳಿಬಿಡಿ. ಉತ್ತರ ಬರದಿದ್ದರೆ ಹಳೆಯದು ಅಂತಲೇ ಲೆಕ್ಕ.

ಬದಲಾಯಿಸುವುದನ್ನು ನಾನೇ ಮಾಡಬಹುದಾ?

ಬಹಳಷ್ಟು ಮಾದರಿಗಳಲ್ಲಿ ಮಾಡಬಹುದು. ಹಳೆಯದು ಸುತ್ತಲಿನ ಗ್ಯಾಸ್ಕೆಟ್ ಸಮೇತ ಕಚ್ಚಿಕೊಂಡಿರುತ್ತದೆ, ತಾಳ್ಮೆಯಿಂದ ಬಿಡಿಸಬೇಕು. ಧೂಳು ಒಳಗೆ ಹೋಗದಂತೆ ಮಾಸ್ಕ್, ಕನ್ನಡಕ, ಕೈಗವಸು ಹಾಕಿ. ಗ್ಯಾಸ್ಕೆಟ್ ಹೊಸದನ್ನೇ ಸುತ್ತಿ, ಹಳೆಯದನ್ನು ಮತ್ತೆ ಬಳಸಬೇಡಿ. ಅದು ಮೊದಲ ಬೆಂಕಿಗೆ ಉಬ್ಬಿ ಸಂದು ಮುಚ್ಚುವಂಥದ್ದು, ಎರಡನೇ ಸಲ ಉಬ್ಬುವುದಿಲ್ಲ. ಕಂಬಸ್ಟರ್ ತೂರಿಸುವಾಗ ಒಂದು ಮೂಲೆಗೆ ಒತ್ತದೆ ಎರಡೂ ಅಂಗೈಯಿಂದ ಸಮವಾಗಿ ತಳ್ಳಿ.

ಕಂಬಸ್ಟರ್ ತೆಗೆದು ಹಾಗೇ ಉರಿಸಿದರೆ ಏನು ನಷ್ಟ?

ಮೊದಲನೆಯದಾಗಿ ಅದು ಕಾನೂನಿಗೆ ವಿರುದ್ಧ. ಕಂಬಸ್ಟರ್ ತೆಗೆದೋ ಕೆಲಸ ಮಾಡದಂತೆ ಮಾಡಿಯೋ ಸ್ಟೌವ್ ಉರಿಸುವಂತಿಲ್ಲ ಅಂತ ಮ್ಯಾನ್ಯುಯಲ್‌ನಲ್ಲೇ ಅಚ್ಚಾಗಿರುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 1988ರಲ್ಲಿ ಸೌದೆ ಸ್ಟೌವ್‌ಗೆ ಮೊದಲ ಸಲ ಹೊಗೆಯ ಮಿತಿ ಹಾಕಿತು. ಅದರಡಿ ಕ್ಯಾಟಲಿಟಿಕ್ ಸ್ಟೌವ್‌ಗೆ ಗಂಟೆಗೆ 4.1 ಗ್ರಾಂ ಮಿತಿ ಬಂತು. 2020ರ ಮೇ ತಿಂಗಳಿಂದ ಹೊಸ ಸ್ಟೌವ್‌ಗಳಿಗೆ ಇದು ಸುಮಾರು 2 ಗ್ರಾಂ. ಕಂಬಸ್ಟರ್ ಇಲ್ಲದೆ ಈ ಸ್ಟೌವ್ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ.

ಎರಡನೆಯದು, ನಷ್ಟ ನಿಮಗೇ. ಹೊಗೆಯಲ್ಲಿದ್ದ ಶಾಖ ಆಕಾಶಕ್ಕೆ, ಟಾರ್ ಚಿಮಣಿ ಗೋಡೆಗೆ.

ಗಾಜು ಕಪ್ಪಾಗುತ್ತದೆ, ಇದು ಕಂಬಸ್ಟರ್ ದೋಷವಾ?

ಅಲ್ಲ. ನಿಧಾನಕ್ಕೆ ಉರಿಸಿದರೆ ಗಾಜು ಕಪ್ಪಾಗುತ್ತದೆ, ಹೊಗೆ ಕಂಬಸ್ಟರ್ ತಲುಪುವ ಮೊದಲೇ ಗಾಜಿಗೆ ತಾಗುತ್ತದಲ್ಲ. ತಣ್ಣಗಾದ ಮೇಲೆ ಒದ್ದೆ ಕಾಗದವನ್ನು ಬೂದಿಗೆ ಅದ್ದಿ ಉಜ್ಜಿದರೆ ಹೋಗುತ್ತದೆ.

ಕಂಬಸ್ಟರ್ ಇದ್ದ ಮೇಲೆ ಚಿಮಣಿ ಗುಡಿಸಬೇಕಾ?

ಬೇಕು. ಮಲೆನಾಡಿನ ಅಡುಗೆಮನೆ ಜಂತೆಗೆ ಇಲ್ಲಣ ಕಟ್ಟುವುದನ್ನು ಕಂಡವರಿಗೆ ಹೊಗೆ ಏನು ಬಿಟ್ಟುಹೋಗುತ್ತದೆ ಅಂತ ಗೊತ್ತು. ಇಲ್ಲಿ ಅದು ಚಿಮಣಿಯ ಒಳಗೆ ಕಪ್ಪು ಕಿಟ್ಟವಾಗಿ ಕೂರುತ್ತದೆ, ಹೆಸರು ಕ್ರಿಯೋಸೋಟ್. ಹೊತ್ತಿಕೊಂಡರೆ ಮನೆಯೇ ಹೋಗುತ್ತದೆ. ಕಂಬಸ್ಟರ್ ಅದನ್ನು ಬಹಳ ಕಡಿಮೆ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ. ಗುಡಿಸುವವರಿಗೆ ಕಂಬಸ್ಟರ್ ಇದೆ ಅಂತ ಮೊದಲೇ ಹೇಳಿ, ಮೇಲಿನಿಂದ ಬಿದ್ದ ಮಸಿ ಅದರ ಮೇಲೇ ಕೂತಿರುತ್ತದೆ. ಹೊಗೆ ಅಲಾರಂ ಜೊತೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಮಲಗುವ ಕೋಣೆಗಳ ಹತ್ತಿರ ಇರಲೇಬೇಕು.

ಬರ್ನ್ ಬ್ಯಾನ್ ಇರುವ ದಿನ ಈ ಸ್ಟೌವ್ ಉರಿಸಬಹುದಾ?

ಬರ್ನ್ ಬ್ಯಾನ್ ಅಂದರೆ ಗಾಳಿ ಕೆಟ್ಟ ದಿನಗಳಲ್ಲಿ ಸೌದೆ ಸುಡಬಾರದು ಅನ್ನುವ ನಿಷೇಧ. ಉತ್ತರ ಊರಿನ ಮೇಲೆ ಹೋಗುತ್ತದೆ. ಸಿಯಾಟಲ್ ಸುತ್ತ ಮೊದಲ ಹಂತದ ನಿಷೇಧದಲ್ಲಿ ಪ್ರಮಾಣಪತ್ರ ಇರುವ ಸ್ಟೌವ್‌ಗೆ ಅವಕಾಶ ಇದೆ, ಎರಡನೇ ಹಂತದಲ್ಲಿ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ‘ಸ್ಪೇರ್ ದಿ ಏರ್’ ಎಚ್ಚರಿಕೆ ಬಂದ ದಿನ ಸೌದೆ ಸುಡುವಂತಿಲ್ಲ. ಮನೆಗೆ ಬೇರೆ ಹೀಟರ್ ಇಲ್ಲದವರಿಗೆ ವಿನಾಯಿತಿಗಳುಂಟು. ಹೊತ್ತಿಸುವ ಮೊದಲು ನಿಮ್ಮ ಕೌಂಟಿಯ ಪುಟ ನೋಡಿ.

ಊರಿನ ಮನೆಯ ಒಲೆಗೆ ಇದನ್ನು ಹಾಕಿಸಬಹುದಾ?

ಅಪ್ಪ ಅಮ್ಮ ಹೊಗೆಯಲ್ಲಿ ಕೆಮ್ಮುವುದನ್ನು ನೋಡಿ ಕೇಳುತ್ತಾರೆ, ಅರ್ಥವಾಗುತ್ತದೆ. ಆದರೆ ತೆರೆದ ಒಲೆಯಲ್ಲಿ ಹೊಗೆ ಎಲ್ಲ ಕಡೆ ಹರಡಿ ತಣ್ಣಗಾಗುತ್ತದೆ, 500 ಡಿಗ್ರಿಯ ದಾರಿಯೇ ಇರುವುದಿಲ್ಲ. ಅಲ್ಲಿಗೆ ಬೇಕಾದ್ದು ಚಿಮಣಿ ಮತ್ತು ಸರಿಯಾದ ಗಾಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಮಾಡಿದ ಮೂರು ಪಾತ್ರೆಯ ಅಸ್ತ್ರ ಒಲೆ ಆ ದಾರಿಯದ್ದು. ಅದರಲ್ಲಿ ಪಲ್ಲೇಡಿಯಂ ಇಲ್ಲ, ಬೇಕಾಗಿಯೂ ಇಲ್ಲ.

ಚಳಿಗಾಲ ಮುಗಿದ ಮೇಲೆ ಏನು ಮಾಡಬೇಕು?

ಬೂದಿ ಪೂರ್ತಿ ತೆಗೆಯಿರಿ. ಬೂದಿ ತೇವ ಎಳೆದುಕೊಳ್ಳುತ್ತದೆ, ಬೇಸಿಗೆಯಿಡೀ ಬಿಟ್ಟರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಂಬಸ್ಟರ್‌ಗೆ ಬ್ರಷ್ ಆಡಿಸಿ. ಬಾಗಿಲ ಹಗ್ಗ ನೋಡಿ. ಭಾಗ ಏನಾದರೂ ಬೇಕಿದ್ದರೆ ಮೇ ತಿಂಗಳಲ್ಲೇ ಆರ್ಡರ್ ಮಾಡಿ, ಅಕ್ಟೋಬರ್‌ನಲ್ಲಿ ಎಲ್ಲರಿಗೂ ಒಟ್ಟಿಗೆ ಜ್ಞಾನೋದಯ ಆಗುತ್ತದೆ.

ಬೂದಿ ಗಿಡಕ್ಕೆ ಹಾಕಬಹುದಾ?

ಬರೀ ಸೌದೆ ಸುಟ್ಟ ಬೂದಿಯಾದರೆ ಹಾಕಬಹುದು. ಮೊದಲು ಮುಚ್ಚಳ ಇರುವ ಲೋಹದ ಡಬ್ಬಕ್ಕೆ ತುಂಬಿ, ಮನೆಯಿಂದ ದೂರ, ಮರದ ಡೆಕ್ ಮೇಲಲ್ಲದೆ ಕಲ್ಲು ಅಥವಾ ಮಣ್ಣಿನ ನೆಲದ ಮೇಲೆ ಕೆಲವು ದಿನ ಇಡಿ. ಪ್ಲಾಸ್ಟಿಕ್ ಬಕೆಟ್, ಕಾಗದದ ಚೀಲ ಬೇಡವೇ ಬೇಡ. ತಣ್ಣಗಾದ ಮೇಲೆ ಹುಳಿ ಮಣ್ಣಿನ ತೋಟಕ್ಕೆ ತೆಳ್ಳಗೆ ಉದುರಿಸಿ. ಮೆಂತ್ಯ ಮಡಿಗೂ ಬೆಳ್ಳುಳ್ಳಿಗೂ ಸ್ವಲ್ಪ ಹಾಕಿದರೆ ತೊಂದರೆ ಇಲ್ಲ. ಆಲೂಗಡ್ಡೆಗೆ ಮತ್ತು ಬ್ಲೂಬೆರಿ ಗಿಡದ ಬುಡಕ್ಕೆ ಮಾತ್ರ ಹಾಕಬೇಡಿ, ಅವಕ್ಕೆ ಹುಳಿ ಮಣ್ಣೇ ಬೇಕು.